ಪಾಕೀಟಿನೊಳಗಿನ ತುರ್ತು ಕಿಟ್‌ಗೆ ತೆಳು ಚಾಕು: ಯಾವ ಬ್ಲೇಡು, ಹಿಡಿ ಹೇಗೆ, ತುಕ್ಕಿಗೆ ಏನು?

ಕುಮಟಾದ ಪಾದಚಾರಿ:

ಎಲ್ಲರಿಗೂ ನಮಸ್ಕಾರ. ಯಾಣ, ಉಂಚಳ್ಳಿ, ದೇವಿಮನೆ ಘಟ್ಟದ ಕಡೆಗೂ, ಗೋಕರ್ಣದಿಂದ ಓಂ ಬೀಚು ದಾಟಿ ಗುಡ್ಡದಂಚಿನ ಕಾಲುದಾರಿಗೂ ನಡೆದುಹೋಗುವಾಗ, ಬ್ಯಾಗು ಕೈತಪ್ಪಿದರೂ ಮೈಮೇಲೆ ಉಳಿಯುವಂಥ ಕಿಟ್ ಒಂದನ್ನು ಜೋಡಿಸುತ್ತಿದ್ದೇನೆ. ಅಳತೆ ಎಟಿಎಂ ಕಾರ್ಡಿನಷ್ಟೇ, ಅಂದರೆ 85.6 × 54 ಮಿ.ಮೀ. ಒಳಗೆ ಈಗ ಇರುವುದು ಕ್ಲೋರಿನ್ ಮಾತ್ರೆ 4, ಬ್ಯಾಂಡೇಜ್ ಪಟ್ಟಿ 2, ಸೂಜಿ, ಪಿನ್ನು, 3 ಮೀಟರ್ ಗಟ್ಟಿ ದಾರ. ಒತ್ತಿ ಅಳೆದರೆ 4 ಮಿ.ಮೀ. ದಪ್ಪ. ಚಾಕುವಿಗೆ ಒರೆ ಸಮೇತ ಉಳಿದದ್ದು 2, ಹೆಚ್ಚೆಂದರೆ 2.5 ಮಿ.ಮೀ.

ಗಡ್ಡದ ಬ್ಲೇಡು, ಕಟ್ಟರ್ ಬ್ಲೇಡು, ಶಸ್ತ್ರಚಿಕಿತ್ಸೆಯ ಬ್ಲೇಡು, ಕಾರ್ಡಿನಂತೆ ಮಡಚುವ ಚಾಕು: ಇವುಗಳಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ? ಹಿಡಿಯೇ ಇಲ್ಲದ ಬ್ಲೇಡನ್ನು ಬೆರಳು ಕೊಯ್ದುಕೊಳ್ಳದೆ ಹಿಡಿಯುವುದು ಹೇಗೆ? ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಏನು ಮಾಡುತ್ತೀರಿ? ಅರಣ್ಯದವರು ಕೇಳಿದರೆ ತೊಂದರೆ ಉಂಟಾ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.


ಕಾಳೀತೀರ, ಕಾರವಾರ:

ಮೊದಲು ದಪ್ಪ ನೋಡಿ, ಉಕ್ಕಿನ ಹೆಸರು ಆಮೇಲೆ.

ಎರಡು ಬಾಯಿಯ ಗಡ್ಡದ ಬ್ಲೇಡು 0.1 ಮಿ.ಮೀ. ದಾರ, ಟೇಪು, ಬಟ್ಟೆ ಇಷ್ಟಕ್ಕೆ ಅದನ್ನು ಮೀರಿಸುವುದು ಇಲ್ಲ. ಆದರೆ ಬೆನ್ನಿಲ್ಲ, ಎರಡೂ ಕಡೆ ಬಾಯಿ. ಒದ್ದೆ ಕೈಯಲ್ಲಿ ಅದನ್ನು ಹಿಡಿದು ಬಲ ಹಾಕುವ ದಾರಿಯೇ ಇಲ್ಲ. ಬೇಕಿದ್ದರೆ ಕಾಗದದ ಹೊದಿಕೆ ಬಿಚ್ಚದೆ ಒಂದನ್ನು ಹೆಚ್ಚುವರಿಯಾಗಿ ಇಡಿ, ಅದನ್ನೇ ಚಾಕು ಎಂದು ನಂಬಬೇಡಿ.

ಶಸ್ತ್ರಚಿಕಿತ್ಸೆಯ ಬ್ಲೇಡು ಸುಮಾರು 0.4 ಮಿ.ಮೀ. 10, 11, 15 ನಂಬರಿನವು 3ನೇ ನಂಬರ್ ಹಿಡಿಗೆ ಕೂರುತ್ತವೆ, 20ರಿಂದ 24ರವರೆಗಿನವು 4ನೇ ನಂಬರಿಗೆ. ಫಾಯಿಲ್ ಹೊದಿಕೆಯಲ್ಲಿ ಬರುವುದರಿಂದ ವರ್ಷಗಟ್ಟಲೆ ತುಕ್ಕು ಮುಟ್ಟುವುದಿಲ್ಲ, ಅದೊಂದು ದೊಡ್ಡ ಗುಣ. ದೋಷ ಏನೆಂದರೆ ಮೆತ್ತನೆಯದನ್ನು ನೇರ ಎಳೆದು ಕೊಯ್ಯಲು ಅದರ ಹದ ಇಟ್ಟಿರುತ್ತಾರೆ. ಬಿದಿರಿಗೋ ಗಟ್ಟಿ ಕಡ್ಡಿಗೋ ಹಾಕಿ ಒಂದು ಸಲ ತಿರುಚಿದರೆ ಟಕ್ಕೆಂದು ಮುರಿಯುತ್ತದೆ, ಚೂರು ಹಾರುವುದು ಮುಖದ ಕಡೆಗೆ.

ಮುರಿದು ಬಳಸುವ ಕಟ್ಟರ್‌ನಲ್ಲಿ 9 ಮಿ.ಮೀ. ಅಗಲದ್ದು ಸುಮಾರು 0.4 ದಪ್ಪ, 18 ಮಿ.ಮೀ. ಅಗಲದ್ದು 0.5. ಈ ಬ್ಲೇಡನ್ನು 1956ರಲ್ಲಿ ಜಪಾನಿನಲ್ಲಿ ರೂಪಿಸಿದ್ದು ಒಡೆದ ಗಾಜಿನ ಅಂಚು ಮತ್ತು ಚಾಕೊಲೇಟ್ ಬಿಲ್ಲೆಯ ಗೀರುಗಳನ್ನು ನೋಡಿ. ಮೊಂಡಾದಾಗ ತುದಿ ಸುಲಭವಾಗಿ ಮುರಿಯಲಿ ಎಂದೇ ಗೀರು ಹಾಕಿದ್ದು. ಅಂದರೆ ಮುರಿಯುವುದೇ ಅದರ ಉದ್ದೇಶ. ಕಚೇರಿಯಲ್ಲಿ ಅದು ಅನುಕೂಲ, ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಅಪಾಯ. ಕೂತಾಗ ಪಾಕೀಟು ಸೊಂಟಕ್ಕೆ ತಕ್ಕಂತೆ ಬಗ್ಗುತ್ತದೆ, ಬ್ಲೇಡು ಆ ಗೀರಿನಲ್ಲೇ ಸೀಳುತ್ತದೆ. ಅಲ್ಲದೆ 18 ಮಿ.ಮೀ. ಅಗಲದ ಇಡೀ ಬ್ಲೇಡು 100 ಮಿ.ಮೀ. ಉದ್ದ, ನಿಮ್ಮ ಅಳತೆಗೆ ಹೇಗೂ ಕೂರುವುದಿಲ್ಲ.

ನನ್ನ ಆಯ್ಕೆ ದಪ್ಪ ಕಟ್ಟರ್‌ಗೆ ಹಾಕುವ ಟ್ರೆಪೆಜಾಯಿಡ್ ಬ್ಲೇಡು: 0.6 ಮಿ.ಮೀ. ದಪ್ಪ, ಸುಮಾರು 61 × 19 ಮಿ.ಮೀ. ಗೀರು ಇಲ್ಲ, ಬೆನ್ನಿನಲ್ಲಿ ಎರಡು ಕಚ್ಚು ಇವೆ. ಆ ಕಚ್ಚುಗಳು ದಾರ ಸುತ್ತಲು ಹೇಳಿ ಮಾಡಿಸಿದ ಹಾಗಿವೆ. ಮೇಲೆ ಕೆಳಗೆ ಹಳೆಯ ಎಟಿಎಂ ಕಾರ್ಡಿನ ಚೂರು ಕೊಟ್ಟರೆ 0.76 + 0.6 + 0.76, ಒಟ್ಟು 2.1 ಮಿ.ಮೀ. ನಿಮ್ಮ ಲೆಕ್ಕದೊಳಗೇ ಬಂತು.

ಕಾರ್ಡಿನಂತೆ ಮಡಚುವ ಚಾಕುವಿನಲ್ಲಿ ಪ್ಲಾಸ್ಟಿಕ್ಕಿನ ಮಡಿಕೆಯೇ ಬಿಜಾಗರಿ. ಒಳ್ಳೆಯದಾದರೆ ಹಣ್ಣು ಹೆಚ್ಚಬಹುದು. ಅಗ್ಗದ ನಕಲಿನಲ್ಲಿ ಉಕ್ಕು ಮೆತ್ತಗೆ, ಗುಂಡಿ ಸಡಿಲ, ಒತ್ತಿದಾಗ ಬ್ಲೇಡು ಬೆರಳಿನ ಮೇಲೇ ಮಡಚಿಕೊಳ್ಳುತ್ತದೆ. ಇನ್ನು ಹನ್ನೊಂದು ಕೆಲಸ ಮಾಡುತ್ತದೆ ಎಂದು ಮಾರುವ ಸ್ಟೀಲ್ ಕಾರ್ಡು ಬಾಟಲಿ ಮುಚ್ಚಳ ತೆಗೆಯಲು ಸರಿ. ಅದರ ಬಾಯಿ ತಗಡಿನ ಅಂಚಿಗಿಂತ ಹೆಚ್ಚೇನಲ್ಲ.


ತೋಟದ ಮನೆ, ಶಿರಸಿ:

ಟ್ರೆಪೆಜಾಯಿಡ್ ಬ್ಲೇಡಿಗೆ ನನ್ನದೂ ಒಪ್ಪಿಗೆ. ಆದರೆ ಕೈಯಲ್ಲೇ ಮಾಡಿಕೊಳ್ಳುವವರಿಗೆ ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಗರಗಸ) ಬ್ಲೇಡು ಇನ್ನೂ ಒಳ್ಳೆಯದು. ತುದಿಯಲ್ಲಿ ತೂತು ತಯಾರಾಗಿಯೇ ಇರುತ್ತದೆ, ಉದ್ದ ನಮ್ಮಿಷ್ಟ, ಹಿಡಿಯಲು ಜಾಗ ಉಳಿಸಿಕೊಳ್ಳಬಹುದು.

ಇಲ್ಲಿ ಬಹಳ ಜನ ತಪ್ಪುವುದು ಬ್ಲೇಡು ಕೊಳ್ಳುವಾಗಲೇ. ಬೈ-ಮೆಟಲ್ ಬ್ಲೇಡಿನಲ್ಲಿ ಹಲ್ಲಿನ ಸಾಲು ಮಾತ್ರ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕು), ಬೆನ್ನು ಬಗ್ಗುವ ಸ್ಪ್ರಿಂಗ್ ಉಕ್ಕು. ಫ್ಲೆಕ್ಸಿಬಲ್ ಎಂದು ಬರೆದ ಕಾರ್ಬನ್ ಬ್ಲೇಡಿನಲ್ಲೂ ಹದ ಇರುವುದು ಹಲ್ಲಿಗೆ ಮಾತ್ರ. ಹಲ್ಲನ್ನೆಲ್ಲ ಉಜ್ಜಿ ತೆಗೆದು ಚಾಕು ಮಾಡಿದರೆ ನಿಮಗೆ ಉಳಿಯುವುದು ಮೆತ್ತನೆಯ ಬೆನ್ನು, ಎರಡು ಕಡ್ಡಿ ಕೆತ್ತುವುದರೊಳಗೆ ಬಾಯಿ ಮಡಚಿಕೊಳ್ಳುತ್ತದೆ. ಹಾಗಾಗಿ ಬೆನ್ನೂ ಸೇರಿ ಪೂರ್ತಿ ಗಟ್ಟಿ ಇರುವುದನ್ನು, ಆಲ್ ಹಾರ್ಡ್ ಎಚ್‌ಎಸ್‌ಎಸ್ ಎಂದು ಕೇಳಿ ತನ್ನಿ. ಗುಜರಿಯಲ್ಲಿ ಬರಹ ಅಳಿಸಿದ್ದು ಸಿಕ್ಕರೆ ಹಳೆಯ ಅರದಿಂದ ಬೆನ್ನಿನ ಅಂಚನ್ನು ಉಜ್ಜಿ ನೋಡಿ. ಅರ ಕಚ್ಚಿದರೆ ಮೆತ್ತಗಿದೆ, ಗಾಜಿನ ಮೇಲೆ ಜಾರಿದಂತೆ ಜಾರಿದರೆ ಗಟ್ಟಿ.

ಮಾಡುವ ಕ್ರಮ: ತೂತಿರುವ ತುದಿಯಿಂದ 75 ಮಿ.ಮೀ. ಗುರುತು ಹಾಕಿ, ಸಾಣೆಯ ಮೂಲೆಯಲ್ಲಿ ಎರಡೂ ಕಡೆ ಗೀರು ಕೊರೆಯಿರಿ. ವೈಸ್‌ನಲ್ಲಿ ಗೀರಿನ ಮಟ್ಟಕ್ಕೆ ಕಚ್ಚಿಸಿ, ಹೊರಗಿನ ಭಾಗಕ್ಕೆ ದಪ್ಪ ಬಟ್ಟೆ ಸುತ್ತಿ ಮುರಿಯಿರಿ. ಕನ್ನಡಕ ಹಾಕದೆ ಈ ಕೆಲಸ ಬೇಡವೇ ಬೇಡ, ಆಲ್ ಹಾರ್ಡ್ ಬ್ಲೇಡು ಎಲ್ಲಿ ಚೂರಾಗುತ್ತದೆ ಎಂದು ಹೇಳಲಾಗದು. ಆಮೇಲೆ ತುದಿಯನ್ನು ಬೆನ್ನಿನ ಕಡೆಯಿಂದ ಓರೆ ಇಳಿಸಿ, ಚೂಪು ಮೊನೆ ಮಾಡಬೇಡಿ. ಚೂಪು ಮೊನೆ ಮೊದಲು ತೂತು ಮಾಡುವುದು ಪಾಕೀಟಿಗೇ.

ತುದಿಯಿಂದ 45 ಮಿ.ಮೀ. ಬಾಯಿ, ಉಳಿದ 30 ಮಿ.ಮೀ. ಹಿಡಿಯಲು. ಹಿಡಿಯುವ ಭಾಗದ ಹಲ್ಲನ್ನು ಪೂರ್ತಿ ಉಜ್ಜಿ ನುಣ್ಣಗೆ ಮಾಡಿ. ಬಾಯಿಯ ಭಾಗದಲ್ಲಿ ಹಲ್ಲಿನ ಬುಡ ಕಾಣದಾಗುವವರೆಗೆ ಉಜ್ಜಬೇಕು. ಹಲ್ಲುಗಳನ್ನು ಅತ್ತಿತ್ತ ಅಲೆಯಂತೆ ಬಾಗಿಸಿರುತ್ತಾರಲ್ಲ, ಬೇಗ ನಿಲ್ಲಿಸಿದರೆ ಬಾಯಿಯೂ ಅಲೆಯಾಗಿಯೇ ಬರುತ್ತದೆ.

ಓರೆಯನ್ನು ಒಂದೇ ಕಡೆ ಕೊಡಿ, ಇನ್ನೊಂದು ಮೈ ಚಪ್ಪಟೆ ಇರಲಿ. 0.65 ಮಿ.ಮೀ. ದಪ್ಪದ ಬ್ಲೇಡಿಗೆ 20 ಡಿಗ್ರಿ ಓರೆ ಬಂತೋ ಇಲ್ಲವೋ ನೋಡಲು ಕೋನ ಅಳೆಯುವ ಸಾಧನ ಬೇಡ. ಹೊಳೆಯುವ ಪಟ್ಟಿಯ ಅಗಲ 1.9 ಮಿ.ಮೀ. ಇದ್ದರೆ 20 ಡಿಗ್ರಿ. 2.5 ಆದರೆ 15ಕ್ಕೆ ಇಳಿದಿದ್ದೀರಿ, ಕೆತ್ತುವ ಕೆಲಸಕ್ಕೆ ಅದು ತೀರಾ ತೆಳು. ಶಾಲೆಯ ಸ್ಕೇಲು ಸಾಕು.

ಬಿಸಿಯ ಬಗ್ಗೆ: ಎಚ್‌ಎಸ್‌ಎಸ್ 500 ಡಿಗ್ರಿಯವರೆಗೂ ಹದ ಬಿಡುವುದಿಲ್ಲ, ಸ್ವಲ್ಪ ನೀಲಿ ಬಂದರೂ ಕೆಟ್ಟಿಲ್ಲ. ಆದರೆ ಇದೇ ಕೆಲಸವನ್ನು ಹಳೆಯ ಕಸಿ ಚಾಕುವಿನ ಅಲಗಿನಲ್ಲೋ ಕಾರ್ಬನ್ ಬ್ಲೇಡಿನಲ್ಲೋ ಮಾಡುವವರು ಜಾಗ್ರತೆ. ಒಣ ಹುಲ್ಲಿನ ಹಳದಿ ಕಂಡಾಗ ಉಕ್ಕು ಸುಮಾರು 220 ಡಿಗ್ರಿ ಮುಟ್ಟಿರುತ್ತದೆ, ನೀಲಿಗೆ ಬಂದರೆ 300. ಅಷ್ಟರಲ್ಲಿ ಹದ ಹೋಯಿತು. ತೆಳು ತಗಡಿಗೆ ಬಿಸಿ ಹೀರಿಕೊಳ್ಳುವಷ್ಟು ಮೈಯೇ ಇಲ್ಲ. ಸಾಣೆಗೆ ಎರಡು ಸೆಕೆಂಡು ತಾಗಿಸಿ ನೀರಿಗೆ ಅದ್ದಿ, ಮತ್ತೆ ತಾಗಿಸಿ. ಕೈಗವಸು ಇಲ್ಲದೆ ಹಿಡಿದರೆ ಬೆರಳೇ ಸುದ್ದಿ ಹೇಳುತ್ತದೆ: ಹಿಡಿಯಲಾಗದಷ್ಟು ಬಿಸಿ ಆಗಲು ಬಿಡಬಾರದು.

ಕೊನೆಗೆ ಗಾಜಿನ ಮೇಲೆ ಎಮರಿ ಕಾಗದ ಅಂಟಿಸಿ 220, 400, 800 ನಂಬರಿನದು ಹೀಗೆ ಒರಟಿನಿಂದ ನುಣುಪಿಗೆ ಏರಿಸುತ್ತ ಹೋಗಿ. ಬಾಯಿ ಹಿಂದೆ ಬರುವಂತೆ ಎಳೆಯಿರಿ, ಮುಂದೆ ತಳ್ಳಿದರೆ ಕಾಗದ ಹರಿಯುತ್ತದೆ. ಚಪ್ಪಟೆ ಮೈಯಲ್ಲಿ ಏಳುವ ಸಣ್ಣ ಮುಳ್ಳನ್ನು ಮಟ್ಟಸವಾಗಿ ಮಲಗಿಸಿ ಎರಡು ಸಲ ಎಳೆದು ತೆಗೆಯಿರಿ. ಆಮೇಲೆ ಚರ್ಮದ ಬೆಲ್ಟಿನ ಒಳಮೈ ಮೇಲೆ ಹತ್ತು ಸಲ. ಬೆನ್ನಿನ ಅಂಚನ್ನು ಮಾತ್ರ ದುಂಡಗೆ ಮಾಡಬೇಡಿ. ಅದು ಚೌಕವಾಗಿ ಇದ್ದರೆ ಫೆರೋ ರಾಡ್ (ಕಿಡಿ ಹಾರಿಸುವ ಲೋಹದ ಕಡ್ಡಿ) ಗೀರಿ ಕಿಡಿ ತೆಗೆಯಲೂ ತೆಂಗಿನ ನಾರು ಹೆರೆಯಲೂ ಅದೇ ಸಾಕು.

ಒರೆಗೆ ಅಡಿಕೆ ಹಾಳೆ ಚೆನ್ನಾಗಿ ಒಗ್ಗುತ್ತದೆ: ಹತ್ತು ನಿಮಿಷ ನೆನೆಸಿ ಮಡಚಿ, ಭಾರದ ಕೆಳಗೆ ಒಣಗಿಸಿ, ಅಂಚು ಹೊಲಿದರೆ ಮುಗಿಯಿತು.


ಉಪ್ಪುಗಾಳಿ, ಹೊನ್ನಾವರ:

ಶಿರಸಿಯವರು ಹೇಳಿದ ಬ್ಲೇಡು ಚಿನ್ನದಂಥದ್ದು, ಒರೆ ಮಾತ್ರ ಬೇಡ ಮಾರಾಯ್ರೆ. ಹಾಳೆ ತೇವ ಕುಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಅದು ಒಣಗುವುದೇ ಇಲ್ಲ, ಬೂಸಲು ಬೇರೆ. ಒಳಗಿರುವ ಉಕ್ಕಿಗೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ. ಚರ್ಮದ ಪಾಕೀಟಿಗೂ ಇದೇ ಮಾತು. ಅದರಲ್ಲಿ ಬೆವರಿನ ಉಪ್ಪು ಇಳಿದಿರುತ್ತದೆ, ಬರಿಯ ಬ್ಲೇಡನ್ನು ಚರ್ಮಕ್ಕೆ ತಾಗಿಸಿ ಇಡಬೇಡಿ.

ತುಕ್ಕು ಮೊದಲು ತಿನ್ನುವುದು ಬಾಯಿಯನ್ನು, ಏಕೆಂದರೆ ಅತಿ ತೆಳು ಜಾಗ ಅದೇ. ಬೆನ್ನಿನ ಮೇಲೆ ಒಂದು ಕಂದು ಚುಕ್ಕೆ ಕಂಡಿತು ಅಂದರೆ ಬಾಯಿ ಆಗಲೇ ಮೊಂಡಾಗಿರುತ್ತದೆ. ಒರೆಸಿದರೆ ಹೊಳಪು ಬರುತ್ತದೆ, ಹರಿತ ಬರುವುದಿಲ್ಲ, ಮತ್ತೆ ಮಸೆಯಲೇಬೇಕು. ಎಚ್‌ಎಸ್‌ಎಸ್‌ನಲ್ಲಿ ಕ್ರೋಮಿಯಂ ಸುಮಾರು 4 ಶೇಕಡಾ, ಅದು ಸ್ಟೇನ್‌ಲೆಸ್ ಅಲ್ಲ. ಗಡ್ಡದ ಸ್ಟೇನ್‌ಲೆಸ್ ಬ್ಲೇಡಿನಲ್ಲಿ ಸುಮಾರು 13 ಇರುತ್ತದೆ. ಅದೂ ಸಮುದ್ರದ ಉಪ್ಪಿಗೆ ಪೂರ್ತಿ ತಡೆಯುವುದಿಲ್ಲ, ಸೂಜಿಮೊನೆಯಷ್ಟು ಕುಳಿ ಬೀಳುತ್ತವೆ.

ಎಣ್ಣೆ: ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಬೆರಳಿನಲ್ಲಲ್ಲ, ಬಟ್ಟೆಯಲ್ಲಿ ಸವರಿ. ಬೆರಳಿನ ಬೆವರೇ ಎಣ್ಣೆಯ ಅಡಿಯಲ್ಲಿ ಉಳಿದು ಗುರುತು ಮೂಡಿಸುತ್ತದೆ. ಶೇಂಗಾ ಎಣ್ಣೆ ಅಂಟಾಗುತ್ತದೆ. ತೆಂಗಿನೆಣ್ಣೆ ಅಂಟಾಗುವುದಿಲ್ಲ, ಆದರೆ ಹಳಸಿದ ಮೇಲೆ ಅದರ ಹುಳಿ ಉಕ್ಕನ್ನು ತಿನ್ನುತ್ತದೆ. ಆರು ತಿಂಗಳು ಮುಟ್ಟದೆ ಇಡುವವರಿಗೆ ವ್ಯಾಸಲಿನ್ ಒಳ್ಳೆಯದು. ಮೇಣದಲ್ಲಿ ಅದ್ದಿ ಇಡುವವರೂ ಇದ್ದಾರೆ. ಪಾಕೀಟು ಬಗ್ಗಿದಾಗ ಮೇಣ ಬಿರುಕು ಬಿಟ್ಟು, ನೀರು ಒಳಗೆ ಹೋಗಿ, ಹೊರಬರಲಾಗದೆ ಅಲ್ಲೇ ಕೂರುತ್ತದೆ. ಹಾಗಾಗಿ ನನಗೆ ಮೇಣ ಸರಿಬರುವುದಿಲ್ಲ.

ಜಿಪ್ ಕವರಿನ ಬಗ್ಗೆ ಒಂದು ಮಾತು. ಜುಲೈ ತಿಂಗಳಲ್ಲಿ ಬಾಗಿಲು ತೆರೆದಿಟ್ಟ ಕೋಣೆಯಲ್ಲಿ ಕಿಟ್ ಮುಚ್ಚಿದರೆ ಆ ಹಸಿ ಗಾಳಿಯನ್ನೇ ಒಳಗೆ ಕಟ್ಟಿದಂತೆ. ರಾತ್ರಿ ಘಟ್ಟದ ಮೇಲೆ ತಣ್ಣಗಾದಾಗ ಅದೇ ತೇವ ಉಕ್ಕಿನ ಮೇಲೆ ಹನಿಯಾಗುತ್ತದೆ. ಬ್ಲೇಡು, ಒರೆ, ಕವರು ಮೂರನ್ನೂ ಒಲೆಯ ಪಕ್ಕದಲ್ಲಿ ಅರ್ಧ ಗಂಟೆ ಬೆಚ್ಚಗೆ ಇಟ್ಟು, ಎಣ್ಣೆ ಸವರಿ, ಮೇಣಗಾಗದ ಸುತ್ತಿ, ಒತ್ತಿ ಗಾಳಿ ತೆಗೆದು ಮುಚ್ಚಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಫಾಯಿಲ್‌ನಲ್ಲಿರುವ ಶಸ್ತ್ರಚಿಕಿತ್ಸೆಯ ಬ್ಲೇಡಿಗೆ ಇಷ್ಟೆಲ್ಲ ಬೇಡ, ಬಿಚ್ಚದಿದ್ದರೆ ಸರಿ.


ಬನದ ಹಾದಿ, ಜೋಯಿಡಾ:

ಕಾನೂನಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದು ಮುಖ್ಯ.

ಶಸ್ತ್ರಾಸ್ತ್ರ ಕಾಯ್ದೆ 1959ರ ಕೆಳಗಿನ ನಿಯಮಗಳಲ್ಲಿ ಹೇಳುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗುಗಳನ್ನು, ಅದರಲ್ಲೂ ಮನೆಗೆಲಸ, ಕೃಷಿ, ಕೈಗಾರಿಕೆಯ ಸಾಧನಗಳನ್ನು ಹೊರಗಿಟ್ಟು. ನಿಮ್ಮ 45 ಮಿ.ಮೀ. ಬಾಯಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಕಾಡಿನ ಕಾನೂನು ಬೇರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಆಯುಧ ಎಂದರೆ ಏನು ಎಂದು ಅದೇ ಕಾಯ್ದೆಯ 2ನೇ ಸೆಕ್ಷನ್ ಹೇಳುವಾಗ ಬಂದೂಕು, ಬಿಲ್ಲುಬಾಣಗಳ ಜೊತೆಗೆ ಚಾಕು, ಗಾಳ, ಬಲೆ, ಉರುಳು ಇವೂ ಪಟ್ಟಿಯಲ್ಲಿವೆ. ಉದ್ದದ ಮಿತಿ ಹೇಳಿಲ್ಲ. ಅಂದರೆ ತುರ್ತು ಕಿಟ್‌ನಲ್ಲಿ ಜನ ಸಾಮಾನ್ಯವಾಗಿ ಇಡುವ ಎರಡು ವಸ್ತು, ತೆಳು ಚಾಕು ಮತ್ತು ಮೀನಿನ ಗಾಳ, ಎರಡೂ ಆ ಪಟ್ಟಿಗೆ ಸೇರುತ್ತವೆ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಅನ್ವಯ. ಹಾಗಾಗಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಣಶಿ, ದಾಂಡೇಲಿ ಭಾಗಕ್ಕೆ, ಶರಾವತಿ ಸಿಂಗಳೀಕ ಅಭಯಾರಣ್ಯಕ್ಕೆ ಹೋಗುವಾಗ ಬ್ಲೇಡನ್ನು ಮನೆಯಲ್ಲಿ ಬಿಡಿ, ಇಲ್ಲವೇ ಗೇಟಿನಲ್ಲಿ ಮೊದಲೇ ತೋರಿಸಿ ಅವರು ಹೇಳಿದಂತೆ ಮಾಡಿ. ನಿಮ್ಮ ದಾರಿ ಗಡಿಯೊಳಗೆ ಬರುತ್ತದೆಯೇ ಎಂದು ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಅಲ್ಲಿ ದಾರ ಕತ್ತರಿಸಲು ದುಂಡು ತುದಿಯ ಸಣ್ಣ ಕತ್ತರಿ ಸಾಕು, ಅದನ್ನೂ ಕೇಳಿಯೇ ಒಯ್ಯಿರಿ.

ವಿಮಾನದಲ್ಲಿ ಕೈಚೀಲಕ್ಕೂ ಜೇಬಿಗೂ ಬ್ಲೇಡು ನಡೆಯುವುದಿಲ್ಲ. ಗೋವಾದಿಂದಲೋ ಹುಬ್ಬಳ್ಳಿಯಿಂದಲೋ ಹಾರುವವರು ಹಿಂದಿನ ರಾತ್ರಿಯೇ ಪಾಕೀಟಿನಿಂದ ತೆಗೆದು ಚೆಕ್-ಇನ್ ಚೀಲಕ್ಕೆ ಹಾಕಿ. ತೆಳುವಾದದ್ದು ಮರೆತೇ ಹೋಗುತ್ತದೆ, ಎಕ್ಸ್‌ರೇ ಮರೆಯುವುದಿಲ್ಲ. ಕಾರವಾರದ ನೌಕಾನೆಲೆಯೊಳಗೆ ಕೆಲಸಕ್ಕೆ ಹೋಗುವವರಿಗೂ ಇದೇ ಮಾತು.


ಕುಮಟಾದ ಪಾದಚಾರಿ:

ಎಲ್ಲರಿಗೂ ತುಂಬ ಉಪಕಾರ ಆಯಿತು. ಗಾಳ ಇಟ್ಟಿಲ್ಲ, ಇನ್ನು ಇಡುವುದೂ ಇಲ್ಲ. ಎರಡು ಸಂಶಯ. ಟ್ರೆಪೆಜಾಯಿಡ್ ಬ್ಲೇಡಿಗೆ ಕಾಡಿನಲ್ಲೇ ಹಿಡಿ ಕಟ್ಟುವುದು ಹೇಗೆ? ಮತ್ತೆ, ಉಂಬಳ ಹತ್ತಿದಾಗ ಅಥವಾ ಹಾವು ಕಚ್ಚಿದಾಗ ಶಸ್ತ್ರಚಿಕಿತ್ಸೆಯ ಬ್ಲೇಡು ಬೇಕಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದನ್ನೂ ಇಡಬೇಕಾ?


ಬನದ ಹಾದಿ, ಜೋಯಿಡಾ:

ಎರಡಕ್ಕೂ ಬೇಡ. ಉಂಬಳವನ್ನು ಉಗುರಿನಿಂದ ಬದಿಗೆ ಸರಿಸಿದರೆ ಬಿಡುತ್ತದೆ, ರಕ್ತ ಸ್ವಲ್ಪ ಹೊತ್ತು ಹರಿದು ನಿಲ್ಲುತ್ತದೆ. ಹಾವು ಕಚ್ಚಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಲೂಬಾರದು. ಕೊಯ್ದರೆ ವಿಷ ಹೊರಬರುವುದಿಲ್ಲ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುವುದರಿಂದ ಕೊಯ್ದ ಗಾಯ ನಿಲ್ಲದೆ ಸುರಿಯುತ್ತದೆ. ಕಚ್ಚಿದ ಕೈ ಅಥವಾ ಕಾಲನ್ನು ಕೋಲು ಕಟ್ಟಿ ಅಲುಗಾಡದಂತೆ ಇಟ್ಟು, ಉಂಗುರ, ಬಳೆ, ಕಾಲುಂಗುರ ತೆಗೆದು, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಬೇಕು. ಆಗ ನಿಮ್ಮ ಚಾಕುವಿನ ಕೆಲಸ ಬಟ್ಟೆ ಹರಿದು ಪಟ್ಟಿ ಮಾಡುವುದು, ಅಷ್ಟೇ. ಮುಳ್ಳು ತೆಗೆಯಲು ಸೂಜಿ ಮತ್ತು ಪಿನ್ನು ಸಾಕು, 11ನೇ ನಂಬರಿನ ಶಸ್ತ್ರಚಿಕಿತ್ಸೆಯ ಬ್ಲೇಡಿನ ಮೊನೆ ಒಳಗೇ ಮುರಿದು ಉಳಿಯಬಹುದು.


ಕಾಳೀತೀರ, ಕಾರವಾರ:

ಹಿಡಿ ಕಟ್ಟುವ ಬಗೆ. ಕಿರುಬೆರಳಿಗಿಂತ ಸ್ವಲ್ಪ ದಪ್ಪದ, ಗೇಣಿಗಿಂತ ಚಿಕ್ಕದಾದ, ಬಿದ್ದಿರುವ ಹಸಿ ಕಡ್ಡಿ ಅಥವಾ ಬಿದಿರಿನ ಚೂರು ಆರಿಸಿ. ಒಣಗಿದ್ದು ಬೇಡ, ಪೂರ್ತಿ ಸೀಳಿ ಹೋಗುತ್ತದೆ. ಮೊದಲು ದಾರ, ಆಮೇಲೆ ಸೀಳು, ಈ ಕ್ರಮ ತಪ್ಪಬೇಡಿ: ತುದಿಯಿಂದ 30 ಮಿ.ಮೀ. ಕೆಳಗೆ ದಾರವನ್ನು ಐದಾರು ಸುತ್ತು ಬಿಗಿದು ಗಂಟು ಹಾಕಿ. ಸೀಳು ಅಲ್ಲಿಗೇ ನಿಲ್ಲಲಿ ಎಂದು. ಈಗ ಬ್ಲೇಡಿನ ಬೆನ್ನಿಗೆ ಬಟ್ಟೆ ಮಡಚಿ ಇಟ್ಟು, ಬಾಯಿಯನ್ನು ಕಡ್ಡಿಯ ತಲೆಯ ಮಧ್ಯಕ್ಕೆ ನೇರ ಒತ್ತಿ. ಒತ್ತಡ ಸಾಲದಿದ್ದರೆ ಇನ್ನೊಂದು ಕಡ್ಡಿಯಿಂದ ಬೆನ್ನಿಗೆ ಮೆಲ್ಲನೆ ತಟ್ಟಿ. ನೇರ ಪೆಟ್ಟು 0.6 ಮಿ.ಮೀ. ಬ್ಲೇಡು ತಡೆಯುತ್ತದೆ, ತಿರುಚಿದರೆ ತಡೆಯುವುದಿಲ್ಲ.

ಸೀಳಿನೊಳಗೆ ಬ್ಲೇಡಿನ ಅರ್ಧ ಹೋಗಲಿ, ಅರ್ಧ ಹೊರಗೆ. ಒಳಗೆ ಹೋದ ಅರ್ಧದ ಬಾಯಿ ಕಡ್ಡಿಯ ಹೊರಗೆ ಚಾಚಿದ್ದರೆ ಅದಕ್ಕೆ ಬಟ್ಟೆಯೋ ಸಿಪ್ಪೆಯೋ ಎರಡು ಮಡಿಕೆ ಕೊಟ್ಟು ಮುಚ್ಚಿ, ಇಲ್ಲವಾದರೆ ದಾರವನ್ನೇ ಅದು ಕೊಯ್ಯುತ್ತದೆ. ಬೆನ್ನಿನ ಕಚ್ಚಿಗೆ ದಾರ ಸಿಕ್ಕಿಸಿ ಎಂಟು ಅಂಕೆಯಂತೆ ಮೇಲೆ ಕೆಳಗೆ ಸುತ್ತಿ. ಒಂದು ಮೀಟರ್ ದಾರ ಸಾಕಾಗುತ್ತದೆ, ಬಿಚ್ಚಿದ ಮೇಲೆ ಮತ್ತೆ ಬಳಸಬಹುದು. ಕಟ್ಟಿದ ಮೇಲೆ ಬ್ಲೇಡಿನ ಚಪ್ಪಟೆ ಮೈ ಹಿಡಿದು ಅಲುಗಾಡಿಸಿ ನೋಡಿ. ಕೂದಲೆಳೆಯಷ್ಟು ಆಡಿದರೂ ಮತ್ತೆ ಕಟ್ಟಿ.

ಸಮಯ ಇಲ್ಲದಾಗ ಸೈಕಲ್ ಟ್ಯೂಬು. 20 ಮಿ.ಮೀ. ಅಗಲದ ಬಳೆಯಂತೆ ಕತ್ತರಿಸಿದ ಚೂರನ್ನು ಬ್ಲೇಡಿನ ಅರ್ಧಕ್ಕೆ ಎರಡು ಸುತ್ತು ಹಾಕಿದರೆ ಒದ್ದೆ ಕೈಯಲ್ಲೂ ಜಾರುವುದಿಲ್ಲ. ಮಳೆಯಲ್ಲಿ ಬೆಂಕಿ ಹತ್ತಿಸಲು ಅದೇ ರಬ್ಬರು ಉರಿಯುತ್ತದೆ. ಆದರೆ ಬ್ಲೇಡಿಗೆ ಸುತ್ತಿಯೇ ಪಾಕೀಟಿನಲ್ಲಿ ಇಡಬೇಡಿ, ರಬ್ಬರಿನ ಅಡಿಯಲ್ಲಿ ತೇವ ಕೂರುತ್ತದೆ. ಚಪ್ಪಟೆ ಮಾಡಿ ಪಕ್ಕದಲ್ಲಿ ಇಡಿ.


ಕುಮಟಾದ ಪಾದಚಾರಿ:

ಶಿರಸಿಯವರು ಬರೆದಂತೆ ಹ್ಯಾಕ್ಸಾ ಬ್ಲೇಡಿನದ್ದೂ ಒಂದು ತಯಾರಾಯಿತು. ಕಾಗದವನ್ನು ಗಾಳಿಯಲ್ಲೇ ಸೀಳುತ್ತದೆ. ಆದರೆ ಒಣ ಬಿದಿರು ಕೆತ್ತಿದ ಮೇಲೆ ಬೆಳಕಿಗೆ ಹಿಡಿದರೆ ಬಾಯಿಯಲ್ಲಿ ಸಣ್ಣ ಸಣ್ಣ ಅರ್ಧಚಂದ್ರದಂಥ ಮುರುಕು ಕಾಣುತ್ತಿವೆ, ಮೂರು ನಾಲ್ಕು. ಹೊಳೆಯುವ ಪಟ್ಟಿ ಅಳೆದರೆ 2.3 ಮಿ.ಮೀ. ಹದ ಕೆಟ್ಟಿದೆಯಾ?


ತೋಟದ ಮನೆ, ಶಿರಸಿ:

ಹದ ಕೆಟ್ಟಿಲ್ಲ. ಕೆಟ್ಟಿದ್ದರೆ ಬಾಯಿ ಮಡಚಿಕೊಳ್ಳುತ್ತಿತ್ತು. ಅರ್ಧಚಂದ್ರದಂತೆ ಮುರಿಯುವುದು ಗಟ್ಟಿ ಉಕ್ಕಿಗೆ ತೀರಾ ತೆಳು ಬಾಯಿ ಕೊಟ್ಟಾಗ. 2.3 ಅಂದರೆ 16 ಡಿಗ್ರಿಯ ಹತ್ತಿರ ಇದ್ದೀರಿ. ಒಣ ಬಿದಿರಿನ ಹೊರಸಿಪ್ಪೆಯಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ, ಅದರ ಮೇಲೆ ಕತ್ತಿಯನ್ನೂ ಹುಷಾರಾಗಿಯೇ ಆಡಿಸಬೇಕು.

ಇಡೀ ಓರೆಯನ್ನು ಮತ್ತೆ ಉಜ್ಜಬೇಡಿ, ಅಗಲ ವ್ಯರ್ಥ. 400ರ ಎಮರಿಯ ಮೇಲೆ ಬಾಯಿಯನ್ನು ಲಂಬವಾಗಿ ನಿಲ್ಲಿಸಿ ಮುರುಕು ಹೋಗುವವರೆಗೆ ಎಳೆಯಿರಿ, ಸಾಮಾನ್ಯವಾಗಿ ಹತ್ತು ಹದಿನೈದು ಎಳೆತ. ಆಮೇಲೆ 800ರ ಮೇಲೆ ಬೆನ್ನನ್ನು ಮುಂಚಿಗಿಂತ ಎತ್ತಿ, ಸುಮಾರು 30 ಡಿಗ್ರಿಗೆ, ಓರೆಯ ಕಡೆ ಮಾತ್ರ ಮಸೆಯಿರಿ. ಲಂಬಕ್ಕೆ ಎಳೆದದ್ದರಿಂದ ಬಾಯಿಯ ಉದ್ದಕ್ಕೂ ಬಿಳಿ ಗೆರೆ ಹೊಳೆಯುತ್ತಿರುತ್ತದೆ. ಆ ಗೆರೆ ಮಾಯವಾದ ಕೂಡಲೇ ನಿಲ್ಲಿಸಿ. ಬಾಯಿಯ ತುದಿಯಲ್ಲಿ ಕೂದಲಿನಷ್ಟು ಅಗಲದ ಎರಡನೇ ಪಟ್ಟಿ ಬರಬೇಕು, ಅದಕ್ಕಿಂತ ಹೆಚ್ಚು ಬೇಡ. ಚಪ್ಪಟೆ ಮೈ ಒಂದು ಸಲ ಮಲಗಿಸಿ ಎಳೆದು ಮುಳ್ಳು ತೆಗೆಯಿರಿ. ಕಾಗದದ ಮೇಲೆ ಮೊದಲಿನಷ್ಟು ಸದ್ದಿಲ್ಲದೆ ಹೋಗಲಿಕ್ಕಿಲ್ಲ, ಆದರೆ ಬಿದಿರಿನಲ್ಲಿ ನಿಲ್ಲುತ್ತದೆ. ಕೆತ್ತುವಾಗ ಸಿಪ್ಪೆಯ ಕಡೆಯಿಂದ ಶುರು ಮಾಡಬೇಡಿ, ಸೀಳಿದ ಒಳಮೈಯಿಂದ ಹೊರಗೆ ಬನ್ನಿ.